ತೋಟದ ಟ್ಯಾಂಕಿನಿಂದ ಪಂಪ್‌ಶೆಡ್‌ವರೆಗೆ 400 ಮೀಟರ್: ಯಾವ ವೈರ್‌ಲೆಸ್ ಸೀರಿಯಲ್ ಮಾಡ್ಯೂಲ್ ಹಾಕಬೇಕು?

ಗುಡ್ಡದ_ಟ್ಯಾಂಕ್ (ಪ್ರಶ್ನೆ)

ನಮಸ್ಕಾರ. ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ನೀರಿನ ಟ್ಯಾಂಕ್ ಇದೆ. ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಕೆಳಗೆ ಪಂಪ್‌ಶೆಡ್‌ನಲ್ಲಿದೆ. ನಡುವೆ ಸುಮಾರು 400 ಮೀಟರ್, ಅದರಲ್ಲಿ ಅರ್ಧ ದಾರಿ ಅಡಿಕೆ ಮರಗಳೇ. ಟ್ಯಾಂಕಿನ ಹತ್ತಿರ ಕರೆಂಟ್ ಇಲ್ಲ, ಒಂದು 18650 ಬ್ಯಾಟರಿ ಮತ್ತು ಸಣ್ಣ ಸೋಲಾರ್ ಪ್ಯಾನೆಲ್ ಇಡಬಹುದು. ಎರಡೂ ಕಡೆ ಆರ್ಡುಯಿನೊ ನ್ಯಾನೊ (ಸಣ್ಣ ಮೈಕ್ರೊಕಂಟ್ರೋಲರ್ ಬೋರ್ಡ್) ಯೋಚಿಸಿದ್ದೇನೆ.

ಕಳಿಸಬೇಕಾದದ್ದು ಬಹಳ ಕಡಿಮೆ: ನೀರಿನ ಮಟ್ಟ ಮತ್ತು ಬ್ಯಾಟರಿ ವೋಲ್ಟೇಜ್, ನಿಮಿಷಕ್ಕೊಮ್ಮೆ. ಟ್ಯಾಂಕ್ ತುಂಬಿದಾಗ ಮೋಟರ್ ನಿಲ್ಲಬೇಕು. ರೇಡಿಯೊ ಪ್ರೋಗ್ರಾಮಿಂಗ್‌ನ ಆಳಕ್ಕೆ ಇಳಿಯದೆ, ಒಂದು ಕಡೆ ಸೀರಿಯಲ್‌ನಲ್ಲಿ (ಬಿಟ್‌ಗಳು ಒಂದರ ಹಿಂದೆ ಒಂದು ಹೋಗುವ ತಂತಿಯಲ್ಲಿ) ಬರೆದದ್ದು ಇನ್ನೊಂದು ಕಡೆ ಸೀರಿಯಲ್‌ನಲ್ಲೇ ಹೊರಬಂದರೆ ಸಾಕು. ಅಂಗಡಿಗಳಲ್ಲಿ ಎಚ್‌ಸಿ-05, ಎಚ್‌ಸಿ-12, ಎನ್‌ಆರ್‌ಎಫ್24, 433 ಮೆಗಾಹರ್ಟ್ಸ್‌ನ ಅಗ್ಗದ ಜೋಡಿ, ಲೋರಾ ಎಲ್ಲವೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು?

ಬೆಸುಗೆ

ಮೊದಲು ಬಿಡಬೇಕಾದವುಗಳನ್ನು ಹೇಳುತ್ತೇನೆ, ಆಮೇಲೆ ಆಯ್ಕೆ ಸುಲಭ.

ಎಚ್‌ಸಿ-05 ಮತ್ತು ಎಚ್‌ಸಿ-06 ಬ್ಲೂಟೂತ್ ಮಾಡ್ಯೂಲ್‌ಗಳು. ಸೀರಿಯಲ್ ಎಂಬ ಅರ್ಥದಲ್ಲಿ ಇವುಗಳಷ್ಟು ಸರಳವಾದವು ಬೇರೆ ಇಲ್ಲ, ಆದರೆ ಹತ್ತು ಮೀಟರಿನ ಆಸುಪಾಸಿಗೆ ಮಾಡಿದ ವಸ್ತುಗಳು. ಆಂಡ್ರಾಯ್ಡ್ ಫೋನಿನಿಂದ ಬೋರ್ಡಿಗೆ ಮಾತಾಡಲು ಚೆನ್ನಾಗಿವೆ. ಐಫೋನಿಗೆ ಇವು ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಎಚ್‌ಎಂ-10 ಥರದ ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಬ್ಲೂಟೂತ್) ಮಾಡ್ಯೂಲ್ ಬೇಕು. ನಿಮ್ಮ ಕೆಲಸಕ್ಕೆ ಎರಡೂ ಬೇಡ.

ಎನ್‌ಆರ್‌ಎಫ್24ಎಲ್01 ಸೀರಿಯಲ್ ಮಾಡ್ಯೂಲೇ ಅಲ್ಲ. ಅದಕ್ಕೆ ಎಸ್‌ಪಿಐ (ನೀವು ಕೇಳಿದ ಸೀರಿಯಲ್‌ಗಿಂತ ಬೇರೆಯದೇ ಸಂಪರ್ಕ) ತಂತಿಗಳು ಬೇಕು, ಒಂದು ಪ್ಯಾಕೆಟ್‌ಗೆ 32 ಬೈಟ್ ಮಿತಿ, ವೋಲ್ಟೇಜ್ 3.6 ದಾಟಿದರೆ ಸುಡುತ್ತದೆ. 2.4 ಗಿಗಾಹರ್ಟ್ಸ್ ಅಲೆಗಳನ್ನು ಹಸಿ ಎಲೆ ಚೆನ್ನಾಗಿ ನುಂಗುತ್ತದೆ. ಮಳೆಗಾಲದಲ್ಲಿ ಒದ್ದೆಯಾದ ಸೋಗೆಗಳ ನಡುವೆ 200 ಮೀಟರ್ ಹಾಯಿಸಲು ಅದನ್ನು ನಂಬಬೇಡಿ. ಇದೇ ಕಾರಣಕ್ಕೆ ಇಎಸ್‌ಪಿ32 ಬೋರ್ಡಿನ ಇಎಸ್‌ಪಿ-ನೌ (ಅದೇ 2.4 ಗಿಗಾಹರ್ಟ್ಸ್‌ನ ನೇರ ಸಂಪರ್ಕ) ಕೂಡ ನಿಮ್ಮ ತೋಟಕ್ಕೆ ಎರಡನೇ ಸಾಲಿನದು. ಅಂಗಳದಲ್ಲಿ, ಒಂದೇ ಕಟ್ಟಡದ ಮಹಡಿಗಳ ನಡುವೆ ಆದರೆ ನಾನು ಮೊದಲು ಸೂಚಿಸುವುದು ಅದನ್ನೇ.

433ರ ಅಗ್ಗದ ಜೋಡಿಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜನ ಅದರಲ್ಲಿ ವಾರಗಟ್ಟಲೆ ಕಳೆಯುತ್ತಾರೆ. ಅದರ ಡೇಟಾ ಕಾಲಿಗೆ ನೇರವಾಗಿ ಸೀರಿಯಲ್ ಟಿಎಕ್ಸ್ (ಕಳಿಸುವ ಕಾಲು) ಕೊಟ್ಟರೆ ಆಚೆ ಕಡೆ ಕಸವೇ ಬರುತ್ತದೆ. ಕಾರಣ ಹೀಗಿದೆ: ಸೀರಿಯಲ್ ತಂತಿ ಸುಮ್ಮನಿದ್ದಾಗ ಹೈ ಆಗಿರುತ್ತದೆ, ಅಂದರೆ ಟ್ರಾನ್ಸ್‌ಮಿಟರ್ ಸದಾ ಆನ್. ರಿಸೀವರ್‌ಗೆ ಆನ್ ಮತ್ತು ಆಫ್ ಸಮಸಮವಾಗಿ ಬಂದರೆ ಮಾತ್ರ ಎಲ್ಲಿ 0, ಎಲ್ಲಿ 1 ಎಂದು ಗೆರೆ ಎಳೆಯಲು ಆಗುತ್ತದೆ. ಸಿಗ್ನಲ್ ಇಲ್ಲದಾಗ ಅದು ತನ್ನ ಗೇನ್ ಏರಿಸಿಕೊಂಡು ಗಾಳಿಯ ಗದ್ದಲವನ್ನೇ ಬಿಟ್‌ಗಳಂತೆ ಹೊರಹಾಕುತ್ತದೆ. ಹಾಗಾಗಿ ರೇಡಿಯೊಹೆಡ್ ಥರದ ಲೈಬ್ರರಿ ಹಾಕಿ, ಸೆಕೆಂಡಿಗೆ 2000 ಬಿಟ್ ವೇಗದಲ್ಲಿ ಕಳಿಸಬೇಕಾಗುತ್ತದೆ. ಅದು ಟೈಮರ್ 1 ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಸರ್ವೊ ಲೈಬ್ರರಿಯ ಜೊತೆ ಜಗಳ. ಗೇಟ್ ರಿಮೋಟ್ ಮಟ್ಟಕ್ಕೆ ಸರಿ, ಮೋಟರ್ ನಿಲ್ಲಿಸುವ ಜವಾಬ್ದಾರಿಗೆ ಬೇಡ.

ಉಳಿದದ್ದು ಎರಡು: ಎಚ್‌ಸಿ-12 ಎಂಬ ಸೀರಿಯಲ್ ರೇಡಿಯೊ, ಮತ್ತು ಸೀರಿಯಲ್ ಇರುವ ಲೋರಾ (ಕಡಿಮೆ ವೇಗದಲ್ಲಿ ಬಹುದೂರ ಮುಟ್ಟುವ ರೇಡಿಯೊ ವಿಧಾನ) ಮಾಡ್ಯೂಲ್ (ಇಬೈಟ್‌ನ ಇ220-900ಟಿ22ಡಿ ಒಳ್ಳೆಯ ಉದಾಹರಣೆ). ಲೋರಾ ಕೊಳ್ಳುವಾಗ ಒಂದು ಎಚ್ಚರ: ಆರ್‌ಎಫ್‌ಎಂ95, ಆರ್‌ಎ-02 ಎಂಬ ಹೆಸರಿನವು ಎಸ್‌ಪಿಐ ಮಾಡ್ಯೂಲ್‌ಗಳು. ನಿಮಗೆ ಬೇಕಾದದ್ದರಲ್ಲಿ ಎಂ0, ಎಂ1 (ಸ್ಥಿತಿ ಆರಿಸಲು), ಆರ್‌ಎಕ್ಸ್‌ಡಿ, ಟಿಎಕ್ಸ್‌ಡಿ (ಸೀರಿಯಲ್ ಒಳಕ್ಕೆ, ಹೊರಕ್ಕೆ), ಆಕ್ಸ್ (ಕೆಲಸದಲ್ಲಿದೆಯೇ ಎಂದು ತಿಳಿಸಲು) ಎಂಬ ಕಾಲುಗಳಿರಬೇಕು.

ತರಂಗ

ಬೆಸುಗೆ ಅವರು ಹೇಳಿದ ಎರಡರಲ್ಲಿ ಒಂದನ್ನು ಆರಿಸುವ ಮುನ್ನ ಕಾನೂನು ನೋಡಿ, ಏಕೆಂದರೆ ಇಲ್ಲಿ ಅದೇ ತೀರ್ಮಾನ ಮಾಡುತ್ತದೆ.

ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಹೊರಾಂಗಣದಲ್ಲಿ ಬಳಸಬಹುದಾದ, ತೋಟಕ್ಕೆ ತಕ್ಕ ಬ್ಯಾಂಡ್ ಎಂದರೆ 865–868 ಮೆಗಾಹರ್ಟ್ಸ್. 2005ರಲ್ಲಿ 867ರವರೆಗೆ ತೆರೆದದ್ದನ್ನು 2021ರ ನಿಯಮ 868ರವರೆಗೆ ವಿಸ್ತರಿಸಿತು. ಟ್ರಾನ್ಸ್‌ಮಿಟರ್ ಶಕ್ತಿ 1 ವ್ಯಾಟ್‌ವರೆಗೆ ಸರಿ. ಇ220ಯ ಗರಿಷ್ಠ 22 ಡಿಬಿಎಂ, ಅಂದರೆ ಸುಮಾರು 160 ಮಿಲಿವ್ಯಾಟ್, ಆರಾಮವಾಗಿ ಒಳಗಿದೆ. ಇನ್ನು 433–434ರಲ್ಲಿ ಸಿಕ್ಕಿರುವ ವಿನಾಯಿತಿ ಒಳಾಂಗಣಕ್ಕೆ, 10 ಮಿಲಿವ್ಯಾಟ್‌ಗೆ. ಎಚ್‌ಸಿ-12 ಕಾರ್ಖಾನೆಯಿಂದ ಬರುವುದೇ 100 ಮಿಲಿವ್ಯಾಟ್‌ನಲ್ಲಿ. ಅದರ ಚಾನೆಲ್‌ಗಳು 433.4ರಿಂದ 0.4ರ ಹೆಜ್ಜೆಯಲ್ಲಿ 473.0ರವರೆಗೆ ಹೋಗುತ್ತವೆ, ಮೂರನೇ ಚಾನೆಲ್ಲೇ 434.2, ಅಂದರೆ ಆಗಲೇ ಬ್ಯಾಂಡಿನ ಹೊರಗೆ. 'ನೂರು ಚಾನೆಲ್' ಎಂಬ ಜಾಹೀರಾತು ನೋಡಿ 50ನೇ ಚಾನೆಲ್‌ಗೆ ಹಾಕುವವರು ಬೇರೆಯವರ ತರಂಗಾಂತರದಲ್ಲಿ ಮಾತಾಡುತ್ತಿರುತ್ತಾರೆ.

ಹಾಗಾಗಿ ತೋಟಕ್ಕೆ 866ರ ಲೋರಾ ಎಂಬುದು ನನ್ನ ಸ್ಪಷ್ಟ ಸಲಹೆ. ಎಚ್‌ಸಿ-12 ಮೇಜಿನ ಮೇಲೆ ಕಲಿಯಲು, ಮನೆಯೊಳಗೆ ಶಕ್ತಿ ತಗ್ಗಿಸಿ ಬಳಸಲು.

ಇ220-900ರ ಆವರ್ತನದ ಲೆಕ್ಕ: 850.125ಕ್ಕೆ ಚಾನೆಲ್ ಸಂಖ್ಯೆ ಕೂಡಿಸಿ. 16 ಹಾಕಿದರೆ 866.125. ಪೆಟ್ಟಿಗೆಯಿಂದ ತೆಗೆದಾಗ ಯಾವ ಚಾನೆಲ್ ಇದೆಯೋ ಅದನ್ನೇ ನಂಬಿ ಕೂರಬೇಡಿ, ಎರಡರಲ್ಲೂ ನೀವೇ ಬರೆಯಿರಿ. ಕ್ರಮ ಹೀಗೆ: ಎಂ0 ಮತ್ತು ಎಂ1 ಎರಡನ್ನೂ ಹೈ ಮಾಡಿ (3.3 ವೋಲ್ಟ್), ಸೀರಿಯಲ್ ಅನ್ನು 9600 ವೇಗ, 8ಎನ್1ರಲ್ಲಿ (8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್) ಇಟ್ಟು 192, 4, 1, 16 ಎಂಬ ನಾಲ್ಕು ಬೈಟ್ ಕಳಿಸಿ (ಬರೆ ಎಂಬ ಆದೇಶ, ಚಾನೆಲ್‌ನ ವಿಳಾಸ, ಎಷ್ಟು ಬೈಟ್, ಚಾನೆಲ್ ಸಂಖ್ಯೆ). ಇವು ದಶಮಾನ ಬೆಲೆಗಳು, ಅಕ್ಷರಗಳಾಗಿ ಟೈಪ್ ಮಾಡುವಂತಿಲ್ಲ. 193, 4, 1, 16 ಎಂದು ಉತ್ತರ ಬಂದರೆ ಬರೆದಾಯಿತು. ಮೊದಲ ಬೈಟ್ 192ರ ಬದಲು 194 ಹಾಕಿದರೆ ಕರೆಂಟ್ ಹೋದೊಡನೆ ಮರೆತುಬಿಡುತ್ತದೆ, ಗಮನವಿರಲಿ. ಆಮೇಲೆ ಎಂ0, ಎಂ1 ಎರಡನ್ನೂ ಗ್ರೌಂಡ್‌ಗೆ ಇಳಿಸಿ. ಇ22 ಎಂಬ ಅಣ್ಣನಲ್ಲಿ ಚಾನೆಲ್‌ನ ವಿಳಾಸ 4 ಅಲ್ಲ, 5. ಎರಡರ ಸೂಚನೆ ಬೆರೆಸಿಕೊಳ್ಳಬೇಡಿ.

ಎಂ0, ಎಂ1 ಕಾಲುಗಳನ್ನು ಗಾಳಿಯಲ್ಲಿ ಬಿಟ್ಟರೆ ಒಳಗಿನ ಪುಲ್‌ಅಪ್‌ನಿಂದ ಎರಡೂ ಹೈ ಆಗಿ ಮಾಡ್ಯೂಲ್ ಸೆಟ್ಟಿಂಗ್ ಸ್ಥಿತಿಯಲ್ಲೇ ಮಲಗಿರುತ್ತದೆ. 'ಎಲ್ಲ ಸರಿಯಾಗಿದೆ, ಏನೂ ಹೋಗುತ್ತಿಲ್ಲ' ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಗಾಳಿಯ ವೇಗ ಸೆಕೆಂಡಿಗೆ 2.4 ಕಿಲೋಬಿಟ್ ಸಾಕು. ವೇಗ ಏರಿಸಿದಷ್ಟೂ ದೂರ ಕುಗ್ಗುತ್ತದೆ. ನಿಮಿಷಕ್ಕೆ ಹತ್ತು ಬೈಟ್ ಕಳಿಸುವವರಿಗೆ ವೇಗದ ಅಗತ್ಯವೇ ಇಲ್ಲ.

ಆಂಟೆನಾ: 866ಕ್ಕೆ ಕಾಲು ಅಲೆಯುದ್ದ 8.6 ಸೆಂಟಿಮೀಟರ್, ತಂತಿಯಲ್ಲಿ ಮಾಡುವುದಾದರೆ 8.2ರ ಹತ್ತಿರ ಕತ್ತರಿಸಿ. 433ಕ್ಕೆ ಅದು 17.3. ಎರಡೂ ಬ್ಯಾಂಡಿನ ಕಪ್ಪು ಆಂಟೆನಾಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ, ಕೊಳ್ಳುವಾಗ ಕೇಳಿ. ವೈಫೈ ರೂಟರಿನ ಆಂಟೆನಾ ಈ ಮಾಡ್ಯೂಲಿಗೆ ತಿರುಗಿ ಕೂರುತ್ತದೆ, ಆದರೆ ಎರಡೂ ಕಡೆ ತೂತೇ ಇದ್ದು ನಡುವಿನ ಸೂಜಿ ತಾಗುವುದೇ ಇಲ್ಲ. ಆಂಟೆನಾ ಇಲ್ಲದೆ ಟ್ರಾನ್ಸ್‌ಮಿಟ್ ಮಾಡಿಸಬೇಡಿ, ಔಟ್‌ಪುಟ್ ಹಂತ ಹಾಳಾಗಬಹುದು.

ಎತ್ತರವೇ ಎಲ್ಲಕ್ಕಿಂತ ಮುಖ್ಯ. 400 ಮೀಟರಿನ ದಾರಿಯ ನಟ್ಟನಡುವೆ 866ರ ಅಲೆಗೆ ನೇರ ಗೆರೆಯ ಸುತ್ತ ಸುಮಾರು 6 ಮೀಟರ್ ತ್ರಿಜ್ಯದ ಜಾಗ ಬೇಕು, ಅದರಲ್ಲಿ ಹೆಚ್ಚಿನ ಪಾಲು ತೆರವಾಗಿದ್ದರೆ ಒಳ್ಳೆಯದು. ನಿಮ್ಮ ಟ್ಯಾಂಕ್ ಗುಡ್ಡದ ಮೇಲಿರುವುದು ದೊಡ್ಡ ಅನುಕೂಲ. ಪಂಪ್‌ಶೆಡ್ ಕಡೆ ತಗಡಿನ ಮಾಡಿನ ಒಳಗೆ ಆಂಟೆನಾ ಇಟ್ಟರೆ ಆ ಅನುಕೂಲವೆಲ್ಲ ಹೋಯಿತು. ಕಂಬದ ತುದಿಗೆ ಆಂಟೆನಾ ಏರಿಸಿ ಕೆಳಗಿನವರೆಗೆ ತೆಳು ಕೋಆಕ್ಸ್ (ಆಂಟೆನಾ ಕೇಬಲ್) ಎಳೆಯುವುದೂ ಬೇಡ. ಆರ್‌ಜಿ-174 ಎಂಬ ತೆಳು ಕೇಬಲಿನಲ್ಲಿ ಮೀಟರಿಗೆ ಸುಮಾರು 1 ಡೆಸಿಬೆಲ್ ಸೋರುತ್ತದೆ. ಮಾಡ್ಯೂಲ್ ಮತ್ತು ನ್ಯಾನೊ ಎರಡನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೇಲೆಯೇ ಇಟ್ಟು, ಕೆಳಕ್ಕೆ ರಿಲೇಗಳ ತಂತಿ ಮಾತ್ರ ತನ್ನಿ.

ಗುಡ್ಡದ_ಟ್ಯಾಂಕ್

ತುಂಬ ಉಪಕಾರವಾಯಿತು. ಇ220 ಜೋಡಿಯನ್ನೇ ತರಿಸುತ್ತೇನೆ. ಎಚ್‌ಸಿ-12 ಜೋಡಿ ಒಂದು ಈಗಾಗಲೇ ಕೈಯಲ್ಲಿದೆ, ಪ್ರೋಗ್ರಾಂ ಬರೆದು ನೋಡುವವರೆಗೆ ಮನೆಯೊಳಗೆ ಅದನ್ನೇ ಬಳಸಬಹುದೇ? ಮತ್ತೆ, ನ್ಯಾನೊ 5 ವೋಲ್ಟಿನದು. ಮಾಡ್ಯೂಲಿಗೆ 3.3 ವೋಲ್ಟ್ ನ್ಯಾನೊದ 3.3 ಕಾಲಿನಿಂದಲೇ ಕೊಡಬಹುದೇ?

ಬೆಸುಗೆ

ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಆ ಕಾಲಿನಿಂದ 50 ಮಿಲಿಆಂಪಿಯರ್‌ಗಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಟ್ರಾನ್ಸ್‌ಮಿಟ್ ಮಾಡುವಾಗ ಈ ಎರಡೂ ಬಗೆಯ ಮಾಡ್ಯೂಲ್‌ಗಳು 100 ಮಿಲಿಆಂಪಿಯರ್ ಮತ್ತು ಅದಕ್ಕೂ ಮೇಲೆ ಎಳೆಯುತ್ತವೆ. ಆ ಕ್ಷಣ ವೋಲ್ಟೇಜ್ ಕುಸಿದು ಮಾಡ್ಯೂಲ್ ರೀಸೆಟ್ ಆಗುತ್ತದೆ. ಹೊರಗಿನಿಂದ ನೋಡಿದರೆ 'ಹತ್ತಿರ ಇದ್ದಾಗಲೂ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಇಲ್ಲ' ಎಂಬಂತೆ ಕಾಣುತ್ತದೆ. ರೇಡಿಯೊ ತೊಂದರೆ ಎಂದು ಜನ ಹುಡುಕುವ ದೋಷಗಳಲ್ಲಿ ಬಹುಪಾಲು ಹೀಗೆ ವಿದ್ಯುತ್ ಪೂರೈಕೆಯದೇ. ಯಾವ ಮಾಡ್ಯೂಲ್ ಆದರೂ ಅದರ ವಿಸಿಸಿ ಮತ್ತು ಗ್ರೌಂಡ್ ಕಾಲುಗಳ ಬುಡದಲ್ಲೇ 100 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್ ಮತ್ತು 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಹಾಕಿ. ಬ್ರೆಡ್‌ಬೋರ್ಡಿನ ಆ ಕೊನೆಯಲ್ಲಿ ಹಾಕಿದರೆ ಅರ್ಧ ಪ್ರಯೋಜನವೂ ಇಲ್ಲ.

ಪಂಪ್‌ಶೆಡ್ ಕಡೆ ಇ220ಗೆ ನೇರ 5 ವೋಲ್ಟ್ ಕೊಡಬಹುದು, ಅದು 5.5ರವರೆಗೆ ತಡೆಯುತ್ತದೆ. ಆದರೆ ಸಿಗ್ನಲ್ ಕಾಲುಗಳು 3.3 ವೋಲ್ಟಿನವು. ನ್ಯಾನೊದ ಟಿಎಕ್ಸ್‌ನಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ 2 ಕಿಲೋಓಮ್, ನಡುವಿನ ಬಿಂದು ಮಾಡ್ಯೂಲಿನ ಆರ್‌ಎಕ್ಸ್‌ಡಿಗೆ. ನ್ಯಾನೊದಿಂದ ನಡೆಸುವುದಾದರೆ ಎಂ0, ಎಂ1ಗೂ ಹೀಗೆಯೇ. ವಾಪಸು ಬರುವ ಟಿಎಕ್ಸ್‌ಡಿಗೆ ಏನೂ ಬೇಡ. 5 ವೋಲ್ಟಿನ ನ್ಯಾನೊ 3.0 ವೋಲ್ಟ್ ದಾಟಿದ್ದನ್ನು ಹೈ ಎಂದೇ ಓದುತ್ತದೆ.

ಟ್ಯಾಂಕ್ ಕಡೆ ನ್ಯಾನೊ ಬೇಡ, 3.3 ವೋಲ್ಟ್, 8 ಮೆಗಾಹರ್ಟ್ಸ್‌ನ ಆರ್ಡುಯಿನೊ ಪ್ರೊ ಮಿನಿ ತನ್ನಿ. ನ್ಯಾನೊದ ಯುಎಸ್‌ಬಿ ಚಿಪ್ಪು ಮತ್ತು ಪವರ್ ಎಲ್‌ಇಡಿ ಬ್ಯಾಟರಿಯನ್ನು ಹಗಲೂ ರಾತ್ರಿ ಕುಡಿಯುತ್ತವೆ. ಪ್ರೊ ಮಿನಿಯದೂ ಎಲ್‌ಇಡಿ ಕಿತ್ತುಹಾಕಿ. 18650ರಿಂದ 3.3 ಮಾಡಲು ಎಎಂಎಸ್1117 ರೆಗ್ಯುಲೇಟರ್ ಹಾಕಬೇಡಿ, ಅದಕ್ಕೆ ಒಂದು ವೋಲ್ಟಿಗಿಂತ ಹೆಚ್ಚು ಅಂತರ ಬೇಕು, 3.7ರ ಬ್ಯಾಟರಿಯಲ್ಲಿ ಅಷ್ಟಿಲ್ಲ. ಎಚ್‌ಟಿ7333 ಅಥವಾ ಎಂಸಿಪಿ1700 ಎರಡೂ 250 ಮಿಲಿಆಂಪಿಯರ್ ಕೊಡುತ್ತವೆ, ತಾವು ತಿನ್ನುವುದು ಕೆಲವೇ ಮೈಕ್ರೊಆಂಪಿಯರ್. ಮಾಡ್ಯೂಲನ್ನು ಬ್ಯಾಟರಿಗೇ ಜೋಡಿಸಿ, ರೆಗ್ಯುಲೇಟರ್‌ನ್ನು ಪ್ರೊ ಮಿನಿಗೆ ಮಾತ್ರ ಬಿಟ್ಟರೆ ಇನ್ನೂ ನೆಮ್ಮದಿ.

ಎಚ್‌ಸಿ-12 ಮೇಜಿನ ಮೇಲೆ ಧಾರಾಳವಾಗಿ ಬಳಸಿ. ಯುಎಸ್‌ಬಿ ಸೀರಿಯಲ್ ಪರಿವರ್ತಕಕ್ಕೆ ಜೋಡಿಸಿ, ಸೆಟ್ ಕಾಲನ್ನು ಗ್ರೌಂಡ್‌ಗೆ ತಾಗಿಸಿ, ಆಮೇಲೆ ಕರೆಂಟ್ ಕೊಡಿ. ಹೀಗೆ ಮಾಡಿದರೆ ಹಿಂದೆ ಯಾವ ವೇಗ ಇಟ್ಟಿದ್ದರೂ 9600ರಲ್ಲಿ ಮಾತಾಡುತ್ತದೆ. ಎಟಿ ಎಂದರೆ ಓಕೆ ಎನ್ನಬೇಕು. ಎಟಿ+ಆರ್‌ಎಕ್ಸ್ ಎಂದರೆ ವೇಗ, ಚಾನೆಲ್, ಶಕ್ತಿ, ಮೋಡ್ ನಾಲ್ಕನ್ನೂ ಹೇಳುತ್ತದೆ. ಎಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಟೈಪ್ ಮಾಡಿ. ಎಟಿ+ಪಿ1 ಕೊಟ್ಟು ಶಕ್ತಿಯನ್ನು ಕನಿಷ್ಠಕ್ಕೆ ಇಳಿಸಿ, ಅದು ಒಂದು ಮಿಲಿವ್ಯಾಟ್‌ಗೂ ಕಡಿಮೆ. ಎರಡನ್ನೂ ಒಂದರ ಪಕ್ಕ ಒಂದು ಇಡದೆ ಎರಡು ಮೂರು ಮೀಟರ್ ದೂರ ಇಡಿ. ಪೂರ್ಣ ಶಕ್ತಿಯಲ್ಲಿ ಅಂಟಿಕೊಂಡಂತೆ ಇಟ್ಟರೆ ಎದುರಿನ ರಿಸೀವರ್ ಉಸಿರುಗಟ್ಟಿ ತಪ್ಪು ಓದುತ್ತದೆ.

ಎಚ್‌ಸಿ-12 ಬಗ್ಗೆ ಇನ್ನೊಂದು ವಿಷಯ, ಕೈಪಿಡಿಯಲ್ಲಿದ್ದರೂ ಹೆಚ್ಚಿನವರ ಕಣ್ಣಿಗೆ ಬೀಳದ್ದು. ಸಾಮಾನ್ಯ ಮೋಡ್‌ನಲ್ಲಿ, ಅಂದರೆ ಎಫ್‌ಯು3ರಲ್ಲಿ, ನೀವು ಇಡುವ ಸೀರಿಯಲ್ ವೇಗವೇ ಗಾಳಿಯ ವೇಗವನ್ನೂ ನಿರ್ಧರಿಸುತ್ತದೆ. 9600ರಲ್ಲಿ ಗಾಳಿಯಲ್ಲಿ 15000 ಬಿಟ್, ಸಂವೇದನೆ -112 ಡಿಬಿಎಂ (ಈ ಸಂಖ್ಯೆ ಕೆಳಗಿಳಿದಷ್ಟೂ ಹೆಚ್ಚು ಕ್ಷೀಣ ಸಿಗ್ನಲ್ ಕೇಳಿಸುತ್ತದೆ). 2400ಕ್ಕೆ ಇಳಿಸಿದರೆ ಗಾಳಿಯಲ್ಲಿ 5000 ಬಿಟ್, ಸಂವೇದನೆ -117. ಒಂದು ಪೈಸೆ ಖರ್ಚಿಲ್ಲದೆ 5 ಡೆಸಿಬೆಲ್ ಲಾಭ. 115200 ಇಟ್ಟವರಿಗೆ ಅದು -100ಕ್ಕೆ ಕುಸಿಯುತ್ತದೆ, ಆಮೇಲೆ ಮಾಡ್ಯೂಲ್ ಡೂಪ್ಲಿಕೇಟ್ ಎಂದು ಬೈಯುತ್ತಾರೆ.

ಅದನ್ನು ಬ್ಯಾಟರಿಯಲ್ಲಿ ಇಡುವ ಯೋಚನೆ ಮಾತ್ರ ಬೇಡ: ಎಫ್‌ಯು3ರಲ್ಲಿ ಸುಮ್ಮನೆ ಕೇಳುತ್ತಾ ಕೂತರೂ 16 ಮಿಲಿಆಂಪಿಯರ್, ದಿನಕ್ಕೆ 384 ಮಿಲಿಆಂಪಿಯರ್-ಗಂಟೆ. ಮೋಡ ಕವಿದ ಆಷಾಢದಲ್ಲಿ 2600ರ ಒಂದು ಸೆಲ್ ವಾರವೂ ಬರುವುದಿಲ್ಲ. ಇ220ಯಲ್ಲಿ ಕಳಿಸಿದ ಮೇಲೆ ಆಕ್ಸ್ ಕಾಲು ಮತ್ತೆ ಹೈ ಆಗುವವರೆಗೆ ಕಾದು, ಎಂ0, ಎಂ1 ಹೈ ಮಾಡಿದರೆ ಕೆಲವು ಮೈಕ್ರೊಆಂಪಿಯರ್‌ಗೆ ಇಳಿದು ಮಲಗುತ್ತದೆ. ಆಕ್ಸ್ ನೋಡದೆ ಮಲಗಿಸಿದರೆ ಕೊನೆಯ ಪ್ಯಾಕೆಟ್ ಹೊಟ್ಟೆಯಲ್ಲೇ ಉಳಿಯುತ್ತದೆ.

ಬಿಟ್_ಬೈಟ್

ಸೀರಿಯಲ್‌ನಲ್ಲಿ ಬರೆದದ್ದು ಆಚೆ ಹಾಗೆಯೇ ಬರುತ್ತದೆ ಎಂದು ಪ್ರಶ್ನೆಯಲ್ಲಿದೆ. ಬರುತ್ತದೆ, ಆದರೆ ಬಂದೇ ಬರುತ್ತದೆ ಎಂಬ ಭರವಸೆಯನ್ನು ಈ ಮಾಡ್ಯೂಲ್‌ಗಳು ಕೊಡುವುದಿಲ್ಲ. ಒಂದು ಪ್ಯಾಕೆಟ್ ಕಳೆದುಹೋದರೆ ಕಳೆದುಹೋಯಿತು. ಎರಡೂ ಕಡೆಯವರು ಒಟ್ಟಿಗೆ ಮಾತಾಡಿದರೆ ಎರಡೂ ಹಾಳು. ಪಕ್ಕದ ತೋಟದವರು ಅದೇ ಮಾಡ್ಯೂಲ್, ಅದೇ ಚಾನೆಲ್ ಇಟ್ಟರೆ ಅವರ ಟ್ಯಾಂಕಿನ ಮಟ್ಟ ನಿಮ್ಮ ಸ್ಟಾರ್ಟರ್‌ಗೆ ತಲುಪುತ್ತದೆ. ಹಾಗಾಗಿ ಬರೀ '85' ಎಂದು ಪ್ರಿಂಟ್ ಮಾಡಿ ಕಳಿಸಬೇಡಿ.

11 ಬೈಟಿನ ಚೌಕಟ್ಟು ಸಾಕು: ಆರಂಭದ ಗುರುತಿಗೆ 170 ಬೆಲೆಯ ಒಂದು ಬೈಟ್, ಉದ್ದ ಒಂದು, ಕಳಿಸಿದವರ ಗುರುತು ಒಂದು, ಪ್ರತಿ ಸಲ ಏರುವ ಕ್ರಮಸಂಖ್ಯೆ ಒಂದು, ನೀರಿನ ಮಟ್ಟ ಎರಡು, ಬ್ಯಾಟರಿ ಮಿಲಿವೋಲ್ಟ್‌ನಲ್ಲಿ ಎರಡು, ಸೆನ್ಸರ್ ಸರಿಯಿದೆಯೇ ಎಂಬ ಗುರುತಿಗೆ ಒಂದು, ಕೊನೆಗೆ 16 ಬಿಟ್‌ನ ಸಿಆರ್‌ಸಿ (ದಾರಿಯಲ್ಲಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಎರಡು. ಓದುವ ಕಡೆ 170 ಸಿಗುವವರೆಗೆ ಬೈಟ್ ಬಿಸಾಡಿ, ಉದ್ದ ಸರಿಯಿಲ್ಲದಿದ್ದರೆ ಮತ್ತೆ ಹುಡುಕಿ, ಸಿಆರ್‌ಸಿ ತಾಳೆಯಾಗದಿದ್ದರೆ ಇಡೀ ಚೌಕಟ್ಟು ಬಿಡಿ. ನಡುವೆ 100 ಮಿಲಿಸೆಕೆಂಡ್ ಏನೂ ಬಾರದಿದ್ದರೆ ಓದಿದ್ದನ್ನು ಅಳಿಸಿ ಮೊದಲಿನಿಂದ ಶುರು ಮಾಡಿ. ಈ ಕೊನೆಯದನ್ನು ಬಿಟ್ಟರೆ ಒಂದು ಅರೆಬರೆ ಪ್ಯಾಕೆಟ್ ಮುಂದಿನದನ್ನೂ ಕೆಡಿಸುತ್ತದೆ. ಕ್ರಮಸಂಖ್ಯೆಯಲ್ಲಿ ಬಿಟ್ಟುಹೋದವನ್ನು ಎಣಿಸಿ ಇಟ್ಟುಕೊಂಡರೆ ಮಳೆಗಾಲದಲ್ಲಿ ಸಂಪರ್ಕ ಹೇಗಿದೆ ಎಂದು ಊಹೆ ಮಾಡದೆ ಗೊತ್ತಾಗುತ್ತದೆ.

ನ್ಯಾನೊದ ಒಂದೇ ಒಂದು ಹಾರ್ಡ್‌ವೇರ್ ಸೀರಿಯಲ್ ಯುಎಸ್‌ಬಿಗೆ ಹೋಗಿದೆ. ಸಾಫ್ಟ್‌ವೇರ್‌ಸೀರಿಯಲ್ 9600ರಲ್ಲಿ ನಡೆಯುತ್ತದೆ, ಆದರೆ ಕಳಿಸುತ್ತಿರುವಾಗ ಕೇಳಲಾರದು. ಆಲ್ಟ್‌ಸಾಫ್ಟ್‌ಸೀರಿಯಲ್ ಉತ್ತಮ, ನ್ಯಾನೊದಲ್ಲಿ ಅದರ ಕಾಲುಗಳು ಖಚಿತ, 8 ಆರ್‌ಎಕ್ಸ್, 9 ಟಿಎಕ್ಸ್, ಜೊತೆಗೆ 10ರ ಪಿಡಬ್ಲ್ಯುಎಂ ಕಳೆದುಕೊಳ್ಳುತ್ತೀರಿ. ಸಾಫ್ಟ್‌ವೇರ್‌ಸೀರಿಯಲ್‌ನ ಬಫರ್ 64 ಬೈಟ್, 9600ರಲ್ಲಿ ಅದು ತುಂಬಲು 67 ಮಿಲಿಸೆಕೆಂಡ್ ಸಾಕು. ಓದುವ ಕಡೆಯ ಲೂಪಿನಲ್ಲಿ ಒಂದು ಸೆಕೆಂಡಿನ ಡಿಲೇ ಹಾಕಿದರೆ ಏನು ಕಳೆಯುತ್ತದೆ ಎಂದು ನೀವೇ ಲೆಕ್ಕ ಹಾಕಿ. ಕಾಯಿಸುವ ಡಿಲೇ ಬದಲು ಸಮಯ ನೋಡುವ ಮಿಲಿಸ್ ಬಳಸಿ.

ನೀರಿನ ಮಟ್ಟಕ್ಕೆ ಜೆಎಸ್‌ಎನ್-ಎಸ್‌ಆರ್04ಟಿ (ಅಲ್ಟ್ರಾಸಾನಿಕ್ ದೂರ ಅಳೆಯುವ ಸೆನ್ಸರ್) ಹಾಕುವುದಾದರೆ ಅದು 25 ಸೆಂಟಿಮೀಟರ್‌ಗಿಂತ ಹತ್ತಿರದ ನೀರನ್ನು ಸರಿಯಾಗಿ ಓದುವುದಿಲ್ಲ. ಟ್ಯಾಂಕ್ ತುಂಬಿದಾಗಲೂ ಸೆನ್ಸರ್ ಮತ್ತು ನೀರಿನ ನಡುವೆ ಅಷ್ಟು ಜಾಗ ಉಳಿಯುವಂತೆ ಎತ್ತರಿಸಿ ಕೂರಿಸಿ. ಇಲ್ಲದಿದ್ದರೆ ನಿಲ್ಲಿಸಬೇಕಾದ ಹೊತ್ತಿನಲ್ಲೇ ತಪ್ಪು ಸಂಖ್ಯೆ ಬರುತ್ತದೆ.

ಬೆಸುಗೆ

ಸ್ಟಾರ್ಟರ್ ಕಡೆಯ ವಿಷಯವನ್ನು ಯಾರೂ ಹೇಳಲಿಲ್ಲ, ನನಗೆ ಅದೇ ಹೆಚ್ಚು ಚಿಂತೆ. ಮೂರು ಫೇಸಿನ ಡಿಒಎಲ್ (ಮೋಟರನ್ನು ನೇರ ಲೈನಿಗೆ ಜೋಡಿಸುವ) ಸ್ಟಾರ್ಟರ್‌ಗಳಲ್ಲಿ ಕಾಯಿಲ್ ಬಹುತೇಕ 415 ವೋಲ್ಟಿನದು. ಆ ಸಂಪರ್ಕವನ್ನು ಮೇನ್ ಇಳಿಸಿ, ವೈರ್‌ಮನ್ ಕೈಯಲ್ಲೇ ಮಾಡಿಸಿ. ಐದು ವೋಲ್ಟಿನ ಅಗ್ಗದ ನೀಲಿ ರಿಲೇ ಬೋರ್ಡುಗಳ ಸಂಪರ್ಕದ ಮೇಲೆ 250 ವೋಲ್ಟ್ ಎಂದು ಅಚ್ಚಾಗಿರುತ್ತದೆ, ಅದನ್ನು 415ರ ಸಾಲಿನಲ್ಲಿ ಹಾಕುವಂತಿಲ್ಲ. ನಡುವೆ ತಕ್ಕ ರೇಟಿಂಗ್ ಇರುವ ಕಂಟ್ರೋಲ್ ರಿಲೇ ಇಟ್ಟು, ನೀಲಿ ರಿಲೇ ಅದರ ಕಾಯಿಲನ್ನು ಮಾತ್ರ ನಡೆಸಲಿ.

ಆ ಕಂಟ್ರೋಲ್ ರಿಲೇಯ ಸಾಮಾನ್ಯವಾಗಿ ತೆರೆದಿರುವ ಸಂಪರ್ಕವನ್ನು ಕೆಂಪು ಬಟನ್ನಿನ ಸಾಲಿನಲ್ಲಿ ಜೋಡಿಸಿ, ಎಲ್ಲ ಸರಿಯಿದ್ದಾಗ ಮಾತ್ರ ನ್ಯಾನೊ ಅದನ್ನು ಹಿಡಿದಿಟ್ಟಿರಲಿ. ಐದು ನಿಮಿಷ ಸರಿಯಾದ ಪ್ಯಾಕೆಟ್ ಬರದಿದ್ದರೆ, ಸೆನ್ಸರ್ ಕೆಟ್ಟಿದೆ ಎಂಬ ಗುರುತು ಬಂದರೆ, ನ್ಯಾನೊ ಸತ್ತರೆ, ಮೂರರಲ್ಲೂ ಮೋಟರ್ ತಾನಾಗಿ ನಿಲ್ಲುತ್ತದೆ. 'ತುಂಬಿತು' ಎಂಬ ಸಂದೇಶ ಬಂದಾಗ ಮಾತ್ರ ನಿಲ್ಲಿಸುವಂತೆ ಬರೆದರೆ, ಆ ಒಂದು ಸಂದೇಶ ತಪ್ಪಿದ ದಿನ ಗುಡ್ಡದಿಂದ ನೀರು ಹರಿಯುತ್ತದೆ. ಉಪಕರಣ ಕೆಟ್ಟ ದಿನ ತೋಟಕ್ಕೆ ನೀರು ನಿಲ್ಲಬಾರದು, ಅದಕ್ಕೊಂದು ಬೈಪಾಸ್ ಸ್ವಿಚ್ ಇರಲಿ. ಮೋಟರ್ ಶುರು ಮಾಡುವುದನ್ನು ಸದ್ಯಕ್ಕೆ ಹಸಿರು ಬಟನ್ನಿಗೇ ಬಿಡಿ.

ಕಾಂಟ್ಯಾಕ್ಟರ್ (ಸ್ಟಾರ್ಟರಿನೊಳಗೆ ಆ ಕಾಯಿಲ್ ಎಳೆಯುವ ಸ್ವಿಚ್) ಬಿಡುವಾಗ ಏಳುವ ಕಿಡಿಯಿಂದ ನ್ಯಾನೊ ರೀಸೆಟ್ ಆಗುವುದು ಸಾಮಾನ್ಯ. ಕಾಯಿಲಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೊಫ್ಯಾರಡ್‌ನ ಸ್ನಬರ್ (ಕಿಡಿ ತಗ್ಗಿಸುವ ಜೋಡಿ) ಹಾಕಿಸಿ. 415ರ ಕಾಯಿಲಿಗೆ 275 ವೋಲ್ಟಿನ ಎಕ್ಸ್2 ಕೆಪಾಸಿಟರ್ ಸಾಲದು, 440 ವೋಲ್ಟ್ ಎಸಿ ಅಥವಾ ಅದಕ್ಕೂ ಮೇಲಿನದು ಬೇಕು. ಆಯಾ ಕಾಯಿಲಿಗೆಂದೇ ಬರುವ ಸಿದ್ಧ ಸ್ನಬರ್ ಸಿಕ್ಕಿದರೆ ಅದನ್ನೇ ತನ್ನಿ.

ತರಂಗ

ಟ್ಯಾಂಕಿನಲ್ಲಿ ಖಾಯಂ ಕೂರಿಸುವ ಮುನ್ನ ಒಂದು ಪರೀಕ್ಷೆ: ಟ್ಯಾಂಕಿನ ಕಡೆಯ ಡಬ್ಬಿಯನ್ನು ಐದು ಸೆಕೆಂಡಿಗೊಮ್ಮೆ ಕಳಿಸುವಂತೆ ಇಟ್ಟು, ಶಕ್ತಿಯನ್ನು ಇ220ಯ ಕನಿಷ್ಠ ಹಂತಕ್ಕೆ ಇಳಿಸಿ, ಪಂಪ್‌ಶೆಡ್‌ನಲ್ಲಿ 200 ಪ್ಯಾಕೆಟ್ ಎಣಿಸಿ. ಕಡಿಮೆ ಶಕ್ತಿಯಲ್ಲೇ 190ಕ್ಕಿಂತ ಹೆಚ್ಚು ಬಂದರೆ ಪೂರ್ಣ ಶಕ್ತಿಗೆ ಏರಿಸಿದಾಗ ಒದ್ದೆ ಸೋಗೆಗೂ ಸಾಕಷ್ಟು ಮಿಗತೆ ಇರುತ್ತದೆ. ಅಷ್ಟು ಬಾರದಿದ್ದರೆ ಶಕ್ತಿ ಏರಿಸುವ ಮೊದಲು ಪಂಪ್‌ಶೆಡ್ ಕಡೆಯ ಆಂಟೆನಾವನ್ನು ಒಂದು ಮೀಟರ್ ಎತ್ತರಿಸಿ ಮತ್ತೆ ಎಣಿಸಿ. ಎರಡೂ ಆಂಟೆನಾ ನೆಟ್ಟಗೆ ನಿಂತಿರಲಿ, ಒಂದು ನಿಂತು ಒಂದು ಮಲಗಿದ್ದರೆ ಸಿಗ್ನಲ್ ಬಹಳ ಕುಗ್ಗುತ್ತದೆ.